ಬರೆಯುವ ಯಂತ್ರವೂ ಬರೆಯುವ ಕೈಯೂ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈಗ ಹೊಸ ಆಳೊಬ್ಬನು ಬಂದು ಸೇರಿದ್ದಾನೆ. ಅವನಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಹಬ್ಬದ ರಜೆ ಬೇಕಿಲ್ಲ. ಪಗಾರವೂ ಇಲ್ಲ, ಆದರೆ ತಿಂಗಳ ಬಾಡಿಗೆ ಉಂಟು, ಅದರ ಬಹುಪಾಲು ಅಮೆರಿಕದ ನಾಲ್ಕಾರು ಕಂಪನಿಗಳ ಖಜಾನೆ ಸೇರುತ್ತದೆ. ಇಂಜಿನಿಯರನು ಹೇಳಿದ್ದನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರೆದು ಮುಂದಿಡತಕ್ಕ ಈ ಆಳಿಗೆ ಕೃತಕ ಬುದ್ಧಿಯ ಸಹಾಯಕನೆಂದು ಹೆಸರು. ಇವನು ಬಂದ ಮೇಲೆ ಕೆಲಸ ಇಮ್ಮಡಿಯಾಗಿದೆ, ಮುಮ್ಮಡಿಯಾಗಿದೆ ಎಂದು ಮಾಲಿಕರು ಹೇಳುತ್ತಿದ್ದಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರೂ ಬಹಳ ಮಂದಿ ಇದ್ದಾರೆ. ನಿಜವಾಗಿ ಈ ಯಂತ್ರ ಕೆಲಸಗಾರನಿಗೆ ನೆರವಾಗುತ್ತದೆಯೇ? ಆಗುವುದಾದರೆ ಎಷ್ಟು, ಎಲ್ಲಿ, ಯಾರ ಲಾಭಕ್ಕೆ? ಈ ಪ್ರಶ್ನೆಗಳನ್ನು ಕೇಳಬೇಕಾದ ಕಾಲ ಬಂದಿದೆ.

ಯಾದಗಿರಿಯ ವಾರಪತ್ರಿಕೆಗೆ ಬೆಂಗಳೂರಿನ ಸಾಫ್ಟ್‌ವೇರಿನ ಗೊಡವೆ ಏಕೆ ಎಂದು ಕೆಲವು ವಾಚಕರು ಕೇಳಬಹುದು. ಅವರಿಗೆ ನಮ್ಮ ಉತ್ತರ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿದೆ. ನಮ್ಮ ನಿಲ್ದಾಣದಲ್ಲಿ ಗಂಟು ಮೂಟೆ ಕಟ್ಟಿಕೊಂಡು ಆ ಗಾಡಿ ಹತ್ತುವವರಲ್ಲಿ ಎರಡು ಬಗೆಯವರು ಇದ್ದಾರೆ. ಒಂದು ಬಗೆಯವರು ವಡಗೇರಾ, ಗುರುಮಠಕಲ್, ಹುಣಸಗಿ ಕಡೆಯ ಕೂಲಿಕಾರರು. ಬೆಂಗಳೂರಿನ ಎತ್ತರದ ಕಟ್ಟಡಗಳ ಗೋಡೆಗೆ ಗಾರೆ ಹೊತ್ತವರು ಅವರೇ. ಇನ್ನೊಂದು ಬಗೆಯವರು ಅದೇ ಕಟ್ಟಡಗಳ ಒಳಗೆ ಕುರ್ಚಿ ಸಿಕ್ಕೀತೆಂದು ಹೊರಟ ಹುಡುಗ ಹುಡುಗಿಯರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲಿ ಅತಿ ಕಡಿಮೆ. ಇಂಥ ಜಿಲ್ಲೆಯಲ್ಲಿ ಒಂದು ಮಗು ಇಂಜಿನಿಯರಿಂಗ್ ಮುಗಿಸುವುದೆಂದರೆ ಒಂದು ಮನೆಯ ಎರಡು ತಲೆಮಾರಿನ ದುಡಿಮೆ ಒಂದು ಕಾಗದದಲ್ಲಿ ಬಂದು ನಿಂತಂತೆ. ಸುರಪುರದ ಸೀಮೆಯಲ್ಲಿ ಹತ್ತಿ ಮಾರಿ ಫೀಸು ಕಟ್ಟಿದವರುಂಟು, ಶಹಾಪುರದಲ್ಲಿ ಕಾಲುವೆ ನೀರಿನ ಎರಡೆಕರೆಯನ್ನು ಒತ್ತೆಯಿಟ್ಟು ಕಟ್ಟಿದವರುಂಟು. ಸಂವಿಧಾನದ 371(ಜೆ) ವಿಧಿ ಕಾಲೇಜಿನ ಸೀಟಿಗೂ ಸರಕಾರಿ ನೌಕರಿಗೂ ದಾರಿ ಮಾಡಿತು. ಖಾಸಗಿ ಕಂಪನಿಯ ಬಾಗಿಲಿನಲ್ಲಿ ಅದು ನಿಂತುಬಿಡುತ್ತದೆ. ಆ ಬಾಗಿಲಿನ ಒಳಗೆ ಏನು ನಡೆಯುತ್ತಿದೆ ಎಂಬುದು ನಮ್ಮ ಹಳ್ಳಿಯ ಅಂಗಳಕ್ಕೆ ಸಂಬಂಧಪಟ್ಟ ವಿಷಯವಲ್ಲದೆ ಮತ್ತೇನು?

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಬರಹಕ್ಕೆ ಕೋಡು ಎನ್ನುತ್ತಾರೆ. (ನಮ್ಮಲ್ಲಿ ಕೋಡು ಎಂದರೆ ಎತ್ತಿನ ತಲೆಯ ಮೇಲಿನದು, ಕೆಲವು ಮ್ಯಾನೇಜರುಗಳಿಗೆ ಈಗ ಅದೂ ಮೂಡಿದೆ ಎಂದು ಕೇಳುತ್ತೇವೆ.) ಜಗತ್ತಿನ ಲಕ್ಷಾಂತರ ಇಂಜಿನಿಯರುಗಳು ಬರೆದು ಎಲ್ಲರ ಉಪಯೋಗಕ್ಕೆಂದು ಬಹಿರಂಗವಾಗಿ ಇಟ್ಟಿದ್ದ ಅಪಾರವಾದ ಕೋಡನ್ನು ಈ ಯಂತ್ರಕ್ಕೆ ಓದಿಸಿದ್ದಾರೆ. ಒಂದು ಸಾಲು ಬಂದರೆ ಮುಂದೆ ಯಾವ ಸಾಲು ಬರುವ ಸಂಭವ ಹೆಚ್ಚು ಎಂಬುದನ್ನು ಅದು ಲೆಕ್ಕ ಹಾಕಿ ಬರೆಯುತ್ತದೆ. ಮೈಕ್ರೋಸಾಫ್ಟಿನ ಒಡೆತನದ ಗಿಟ್‌ಹಬ್ ಕಂಪನಿ 2021ರ ಜೂನಿನಲ್ಲಿ ಕೋಪೈಲಟ್ ಎಂಬ ಸಹಾಯಕನನ್ನು ಪರೀಕ್ಷೆಗೆ ಬಿಟ್ಟಿತು, 2022ರ ಜೂನಿನಿಂದ ಎಲ್ಲರಿಗೂ ಮಾರತೊಡಗಿತು. ಆಮೇಲೆ ಕರ್ಸರ್, ಕ್ಲಾಡ್ ಮೊದಲಾದವು ಬಂದವು. ಈಗಿನವು ಸಾಲು ತುಂಬಿಸಿ ಸುಮ್ಮನಾಗುವುದಿಲ್ಲ. ಕಡತಗಳನ್ನು ತಾವೇ ತೆರೆದು, ತಿದ್ದಿ, ಓಡಿಸಿ ನೋಡುತ್ತವೆ. ಸಾವಿರಾರು ಜನರು ಸಾರ್ವಜನಿಕ ಹಿತಕ್ಕಾಗಿ ಪುಕ್ಕಟೆ ಕೊಟ್ಟ ದುಡಿಮೆಯಿಂದ ತಯಾರಾದ ಯಂತ್ರವನ್ನು ಅದೇ ಜನರಿಗೆ ಬಾಡಿಗೆಗೆ ಕೊಡುವುದು ಯಾವ ನ್ಯಾಯ ಎಂದು ಪ್ರಶ್ನಿಸಿ ಕೆಲವು ಪ್ರೋಗ್ರಾಮರುಗಳು 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯಕ್ಕೆ ಹೋದರು. ಊರಿನ ಗೋಮಾಳಕ್ಕೆ ಬೇಲಿ ಹಾಕಿ, ಊರ ದನಕ್ಕೆ ಮೇವಿನ ದರ ಹಚ್ಚಿದವರನ್ನು ಕಂಡ ನಮಗೆ ಆ ದಾವೆಯ ಅರ್ಥ ಬೇಗ ತಿಳಿಯುತ್ತದೆ.

ಇನ್ನು ವೇಗದ ಮಾತು. ಈ ಬಗ್ಗೆ ಕಣ್ಣಂದಾಜಿನಲ್ಲಿ ಹೇಳುವವರೇ ಜಾಸ್ತಿಯಾದರೂ ಗಡಿಯಾರ ಹಿಡಿದು ಅಳೆದವರೂ ಇದ್ದಾರೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 95 ಪ್ರೋಗ್ರಾಮರುಗಳಿಗೆ ಒಂದೇ ಕೆಲಸ ಕೊಟ್ಟರು. ಕೋಪೈಲಟ್ ಇದ್ದವರು ಅದಿಲ್ಲದವರಿಗಿಂತ ಶೇಕಡಾ 55.8ರಷ್ಟು ಬೇಗ ಮುಗಿಸಿದರು. ಮಾರಾಟಗಾರರು ಇಂದಿಗೂ ಎತ್ತಿ ಹಿಡಿಯುವುದು ಈ ಅಂಕಿಯನ್ನೇ. ಆದರೆ ಪ್ರಯೋಗ ನಡೆಸಿದವರಲ್ಲಿ ಮೈಕ್ರೋಸಾಫ್ಟ್ ಮತ್ತು ಗಿಟ್‌ಹಬ್ಬಿನವರೇ ಇದ್ದರೆಂಬುದನ್ನೂ, ಕೊಟ್ಟ ಕೆಲಸ ಹೊಸದಾಗಿ ಕಟ್ಟತಕ್ಕ ಒಂದು ಚಿಕ್ಕ ಸರ್ವರ್ ಆಗಿತ್ತೆಂಬುದನ್ನೂ ವಾಚಕರು ಗಮನಿಸಬೇಕು. ಮುಂದೆ ಮೈಕ್ರೋಸಾಫ್ಟ್, ಆಕ್ಸೆಂಚರ್ ಮತ್ತು ಹೆಸರು ಹೇಳದ ಇನ್ನೊಂದು ದೊಡ್ಡ ಕಂಪನಿಯಲ್ಲಿ 4,867 ಜನರ ಮೇಲೆ ನಡೆದ ಪ್ರಯೋಗಗಳು ಹೆಚ್ಚು ತೂಕದವು. ಅಲ್ಲಿ ಯಂತ್ರ ಸಿಕ್ಕವರು ಶೇಕಡಾ 26ರಷ್ಟು ಹೆಚ್ಚು ಕೆಲಸ ಮುಗಿಸಿದರು. ಅನುಭವ ಕಡಿಮೆಯಿದ್ದ ಹೊಸಬರಿಗೆ ಲಾಭ ಹೆಚ್ಚು. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಈಗ ಇನ್ನೊಂದು ಪಕ್ಷವನ್ನು ಕೇಳಿರಿ. 2025ರ ಜುಲೈಯಲ್ಲಿ ಅಮೆರಿಕದ ಮೆಟರ್ ಎಂಬ ಸಂಶೋಧನ ಸಂಸ್ಥೆ ಒಂದು ವರದಿ ಕೊಟ್ಟಿತು. ಅವರು ಆರಿಸಿಕೊಂಡದ್ದು 16 ಮಂದಿ ಪಳಗಿದ ಇಂಜಿನಿಯರುಗಳನ್ನು. ವರ್ಷಗಟ್ಟಲೆ ತಾವೇ ಸಾಕಿ ಬೆಳೆಸಿದ, ಲಕ್ಷಗಟ್ಟಲೆ ಸಾಲುಗಳ ಹಳೆಯ ಕೋಡಿನಲ್ಲಿ ಅವರು 246 ಕೆಲಸಗಳನ್ನು ಮಾಡಿದರು. ಯಾವ ಕೆಲಸಕ್ಕೆ ಯಂತ್ರ ಬಳಸಬಹುದು, ಯಾವುದಕ್ಕೆ ಕೂಡದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಪ್ರಾರಂಭಕ್ಕೆ ಮುಂಚೆ ಆ ಇಂಜಿನಿಯರುಗಳು, ಯಂತ್ರದಿಂದ ಕಾಲ ಶೇಕಡಾ 24 ಉಳಿಯುತ್ತದೆ ಎಂದರು. ಎಲ್ಲ ಮುಗಿದ ಮೇಲೆ ಕೇಳಿದಾಗ ಶೇಕಡಾ 20 ಉಳಿಯಿತು ಎಂದರು. ಗಡಿಯಾರ ಹೇಳಿದ್ದೇ ಬೇರೆ. ಯಂತ್ರ ಬಳಸಿದ ಕೆಲಸಗಳಿಗೆ ಶೇಕಡಾ 19 ಹೆಚ್ಚು ಕಾಲ ಹಿಡಿದಿತ್ತು!

ಈ ವರದಿಯಲ್ಲಿ ನಿಧಾನವಾದದ್ದಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಭ್ರಮೆ. ದಿನವಿಡೀ ಅದೇ ಕಸುಬಿನಲ್ಲಿರುವ ಮನುಷ್ಯನಿಗೆ ತಾನು ನಿಧಾನವಾದದ್ದು ಗೊತ್ತಾಗಲಿಲ್ಲ. ಬೇಗ ಮಾಡಿದೆನೆಂದೇ ನಂಬಿದ. ಹಾಗಾದರೆ ಮುಂಬಯಿಯಲ್ಲೋ ನ್ಯೂಯಾರ್ಕಿನಲ್ಲೋ ಕುಳಿತು, ಒಂದು ಸಾಲನ್ನೂ ಬರೆಯದೆ, ಕೆಲಸ ಇಷ್ಟು ಪಟ್ಟು ಆಗಿದೆ ಎಂದು ಘೋಷಿಸುವ ಮಾಲಿಕನ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಆತನ ಮಾತಿನ ಮೇಲೆಯೇ ಎಷ್ಟು ಆಳು ಬೇಕು ಎಂಬ ನಿರ್ಣಯ ನಿಂತಿದೆ.

ನ್ಯಾಯವಾಗಿ ಹೇಳಬೇಕೆಂದರೆ, ಆ ಸಂಶೋಧಕರು ತಮ್ಮ ಫಲಿತಾಂಶವನ್ನು ಎಲ್ಲ ಇಂಜಿನಿಯರುಗಳಿಗೂ ಎಲ್ಲ ಕೆಲಸಕ್ಕೂ ಅನ್ವಯಿಸಬೇಡಿ ಎಂದು ತಾವೇ ಎಚ್ಚರಿಸಿದ್ದಾರೆ. ಅದು 2025ರ ಮೊದಲ ತಿಂಗಳುಗಳ ಯಂತ್ರ. ಆಮೇಲೆ ಬಂದವು ಅದಕ್ಕಿಂತ ಚುರುಕಾಗಿವೆ. ಗೂಗಲ್ ಕಂಪನಿಯ ಡೋರಾ ತಂಡದ ವಾರ್ಷಿಕ ವರದಿಗಳಲ್ಲೂ ಈ ಬದಲಾವಣೆ ಕಾಣುತ್ತದೆ. 2024ರ ವರದಿಯ ಪ್ರಕಾರ ಯಂತ್ರದ ಬಳಕೆ ಹೆಚ್ಚಿದ ಕಡೆ ಕೆಲಸ ಹೊರಬೀಳುವ ಪ್ರಮಾಣ ಕೊಂಚ ಇಳಿದಿತ್ತು, ಹೊರಬಿದ್ದದ್ದು ಕೆಟ್ಟು ನಿಲ್ಲುವುದು ಜಾಸ್ತಿಯಾಗಿತ್ತು. 2025ರ ವರದಿಯಲ್ಲಿ ಮೊದಲನೆಯದು ಸುಧಾರಿಸಿದೆ; ಎರಡನೆಯದು ಸುಧಾರಿಸಿಲ್ಲ. ಎಂದರೆ ಮಾಲು ಬೇಗ ಹೊರಡುತ್ತಿದೆ, ತಿರುಗಿ ಬರುವುದೂ ಹೆಚ್ಚಾಗಿದೆ.

ಇದೇಕೆ ಹೀಗೆ ಎಂಬುದನ್ನು ಅರಿಯಲು ನಮ್ಮ ಕೃಷ್ಣಾ ಕಾಲುವೆಯ ಸೀಮೆಗೇ ಬರೋಣ. ನಾರಾಯಣಪುರ ಜಲಾಶಯದ ನೀರು ಹರಿದ ಮೇಲೆ ಶಹಾಪುರ, ಸುರಪುರ, ಹುಣಸಗಿಗಳಲ್ಲಿ ಭತ್ತ ಬಂತು. ಭತ್ತದ ಬೆನ್ನಿಗೆ ಕಟಾವು ಯಂತ್ರ ಬಂತು. ಹತ್ತಿಪ್ಪತ್ತು ಹೆಣ್ಣಾಳು ದಿನವೆಲ್ಲ ಬಗ್ಗಿ ಕೊಯ್ಯುವ ಗದ್ದೆಯನ್ನು ಅದು ಗಂಟೆಗಳಲ್ಲಿ ಬೋಳಿಸುತ್ತದೆ. ಕೊಯ್ಲಿನ ವೇಗವನ್ನಷ್ಟೇ ಅಳೆದರೆ ಯಂತ್ರಕ್ಕೆ ನೂರಕ್ಕೆ ನೂರು ಅಂಕ. ಆದರೆ ರೈತನ ಕೆಲಸ ಕೊಯ್ಲಿಗೇ ಮುಗಿಯುವುದೇ? ಯಂತ್ರ ಕೊಯ್ದ ಕಾಳು ಹಸಿ. ಅದನ್ನು ಡಾಂಬರು ರಸ್ತೆಯ ಮೇಲೆ ಹರವಿ, ರಾತ್ರಿಯೆಲ್ಲ ಕಾದು, ಮೋಡ ಕವಿದರೆ ತಾಡಪತ್ರಿ ಹಿಡಿದು ಓಡಬೇಕು. ಒಣಗದಿದ್ದರೆ ವ್ಯಾಪಾರಿ ಹಸಿಯೆಂದು ದರ ಮುರಿಯುತ್ತಾನೆ. ಹುಲ್ಲು ಪುಡಿಯಾಗಿ ಗದ್ದೆಯ ತುಂಬ ಚೆಲ್ಲಿ ದನಕ್ಕೆ ದಕ್ಕದೆ ಹೋಗುತ್ತದೆ. ಬೇಸಗೆಗೆ ಮೇವು ಕೊಳ್ಳಬೇಕು. ಈ ಯಾವ ಲೆಕ್ಕವೂ ಯಂತ್ರದ ಬಾಡಿಗೆ ಚೀಟಿಯಲ್ಲಿ ಇರುವುದಿಲ್ಲ. ಹಾಗೆಂದು ಕುಡುಗೋಲಿಗೆ ಹಿಂದಿರುಗಿ ಎಂದು ಯಾರಾದರೂ ಹೇಳುತ್ತಾರೆಯೇ? ಸುಗ್ಗಿಯ ಹೊತ್ತಿಗೆ ಮಳೆ ಬಂದ ವರ್ಷ ಆ ಯಂತ್ರ ಎಷ್ಟು ಮನೆಗಳ ಅನ್ನ ಉಳಿಸಿದೆ ಎಂಬುದನ್ನು ನಾವು ಬಲ್ಲೆವು. ಕೆಲಸ ಎಲ್ಲಿಂದ ಎಲ್ಲಿಗೆ ಜಾರಿತು, ಜಾರಿದ ಕೆಲಸವನ್ನು ಯಾರು ಹೊತ್ತರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದಷ್ಟೇ ನಮ್ಮ ಮಾತು.

ಕೋಡಿನಲ್ಲಿಯೂ ಕೊಯ್ಲು ಬೇಗ, ಒಣಗಿಸುವುದು ನಿಧಾನ. ಯಂತ್ರ ನಿಮಿಷದಲ್ಲಿ ಇನ್ನೂರು ಸಾಲು ಬರೆದು ಕೊಡುತ್ತದೆ. ಆ ಇನ್ನೂರನ್ನೂ ಮನುಷ್ಯ ಓದಿ, ಇದು ನಮಗೆ ಬೇಕಾದದ್ದೇ, ಹಳೆಯದಕ್ಕೆ ಹೊಂದುತ್ತದೆಯೇ, ಕಳ್ಳನಿಗೆ ಬಾಗಿಲು ತೆರೆದಿದೆಯೇ ಎಂದು ನೋಡಬೇಕು. ತಾನು ಬರೆದದ್ದನ್ನು ಓದುವುದಕ್ಕಿಂತ ಇತರರು ಬರೆದದ್ದನ್ನು ಓದುವುದು ಕಷ್ಟವೆಂದು ಆ ಕಸುಬಿನವರೆಲ್ಲ ಹೇಳುತ್ತಾರೆ. ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದವರಿಗೂ ಇದು ಗೊತ್ತು. ಪೂರ್ತಿ ತಪ್ಪಾದ ಉತ್ತರಕ್ಕೆ ಅರ್ಧ ನಿಮಿಷ ಸಾಕು. ದುಂಡನೆಯ ಅಕ್ಷರದಲ್ಲಿ, ಧೈರ್ಯವಾಗಿ, ಒಂದೇ ಒಂದು ಕಡೆ ತಪ್ಪಿದ ಉತ್ತರ ಮೇಷ್ಟರನ್ನು ಮೂರು ಸಲ ಓದಿಸುತ್ತದೆ. ಸ್ಟಾಕ್ ಓವರ್‌ಫ್ಲೋ ಸಂಸ್ಥೆ 2025ರಲ್ಲಿ ಜಗತ್ತಿನ ಪ್ರೋಗ್ರಾಮರುಗಳನ್ನು ಕೇಳಿದಾಗ ಶೇಕಡಾ 84 ಮಂದಿ ಇಂಥ ಯಂತ್ರವನ್ನು ಬಳಸುತ್ತೇವೆ ಅಥವಾ ಬಳಸುವವರಿದ್ದೇವೆ ಎಂದರು. ಅದರ ಉತ್ತರವನ್ನು ನಂಬುವುದಿಲ್ಲ ಎಂದವರು ಶೇಕಡಾ 46. ನಂಬುತ್ತೇವೆ ಎಂದವರು ಶೇಕಡಾ 33. ಮೂವರಲ್ಲಿ ಇಬ್ಬರ ದೂರು ಒಂದೇ ಆಗಿತ್ತು: ಯಂತ್ರ ಕೊಟ್ಟದ್ದು ಇನ್ನೇನು ಸರಿ ಎನ್ನುವಂತಿರುತ್ತದೆ, ಸರಿಯಾಗಿರುವುದಿಲ್ಲ.

'ಇನ್ನೇನು ಸರಿ' ಎಂಬುದು ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ನೆಲದ್ದೇ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ರೈತನ ಎರಡು ತುಂಡು ಹೊಲಗಳಿವೆ ಎಂದಿಟ್ಟುಕೊಳ್ಳಿ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಒಟ್ಟು 4 ಎಕರೆ 10 ಗುಂಟೆ ಎಂದು ನಮ್ಮ ಯಾವ ಅಕ್ಷರ ಬಾರದ ಒಕ್ಕಲಿಗನೂ ಬೆರಳ ಮೇಲೆ ಹೇಳುತ್ತಾನೆ. ಪಹಣಿಯ ಕಾಲಂನಲ್ಲಿ ಇವನ್ನು 2.30, 1.20 ಎಂದು ಬರೆದಿದ್ದರೆ? ಅದು ಗುಂಟೆ, ದಶಾಂಶವಲ್ಲ ಎಂದು ಯಂತ್ರಕ್ಕೆ ಯಾರೂ ಹೇಳದಿದ್ದರೆ ಅದು ಎರಡನ್ನೂ ಕೂಡಿ 3.50, ಅಂದರೆ ಮೂರೂವರೆ ಎಕರೆ ಎಂದೀತು. ಕಂಪ್ಯೂಟರು ನಿಲ್ಲುವುದಿಲ್ಲ, ತಪ್ಪೆಂದು ಕೂಗುವುದಿಲ್ಲ. ಕಾಗದ ಅಂದವಾಗಿ ಅಚ್ಚಾಗಿ ಬರುತ್ತದೆ. ಮೂವತ್ತು ಗುಂಟೆ ಮಾತ್ರ ಮಾಯ! ರೈತ ತಹಶೀಲು ಕಚೇರಿಗೆ ಎಷ್ಟು ವರ್ಷ ಅಲೆಯಬೇಕಾದೀತು ಎಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಈ ತಪ್ಪನ್ನು ಹಿಡಿಯುವವನು ಗುಂಟೆ ಎಂದರೇನೆಂದು ಬಲ್ಲ ಮನುಷ್ಯ. ಸಗರನಾಡಿನ ಒಕ್ಕಲಿಗನ ಮಗ ಇಂಜಿನಿಯರಾಗಿ ಆ ಕುರ್ಚಿಯಲ್ಲಿ ಕುಳಿತಿರುವುದಕ್ಕೆ ಬೆಲೆಯಿರುವುದು ಇಲ್ಲಿಯೇ.

ಕಳ್ಳಬಾಗಿಲಿನ ವಿಷಯ ಎರಡೇ ಮಾತಿನಲ್ಲಿ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಅಪಾಯದ ಸಂದರ್ಭಗಳನ್ನೇ ಆರಿಸಿ ಕೋಪೈಲಟ್‌ನಿಂದ 1,689 ಪ್ರೋಗ್ರಾಮ್ ಬರೆಸಿ ನೋಡಿದಾಗ ಸುಮಾರು ಶೇಕಡಾ 40ರಲ್ಲಿ ಭದ್ರತೆಯ ಲೋಪಗಳಿದ್ದವು. 2025ರ ಜುಲೈಯಲ್ಲಿ ರೆಪ್ಲಿಟ್ ಎಂಬ ಕಂಪನಿಯ ಸಹಾಯಕ ಯಂತ್ರ, ಏನನ್ನೂ ಮುಟ್ಟಬೇಡ ಎಂದು ಹೇಳಿದ್ದರೂ ಒಬ್ಬ ಗಿರಾಕಿಯ ನಡೆಯುತ್ತಿದ್ದ ದಾಖಲೆಗಳ ಕಣಜವನ್ನೇ ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಯಂತ್ರವನ್ನು ಯಾರೂ ಜವಾಬು ಕೇಳಲಾರರು. ಕೇಳಿಸಿಕೊಳ್ಳುವವನು ಅದರ ಪಕ್ಕದಲ್ಲಿ ಕುಳಿತ ನೌಕರನೇ.

ನಮಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯ ವಿಷಯ ಕಲಿಕೆ. ಹೊಸಬರಿಗೇ ಲಾಭ ಹೆಚ್ಚು ಎಂಬ ಪ್ರಯೋಗದ ಮಾತನ್ನು ಮೇಲೆ ಹೇಳಿದೆವು. ಅದು ಮುಗಿಸಿದ ಕೆಲಸದ ಲೆಕ್ಕ. ತಲೆಯಲ್ಲಿ ಉಳಿದದ್ದರ ಲೆಕ್ಕವಲ್ಲ. ಕ್ಲಾಡ್ ಯಂತ್ರವನ್ನು ತಯಾರಿಸುವ ಆಂಥ್ರೊಪಿಕ್ ಕಂಪನಿಯ ಸಂಶೋಧಕರೇ 2026ರ ಜನವರಿಯಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. 52 ಮಂದಿ, ಬಹುಪಾಲು ಕಿರಿಯ ಇಂಜಿನಿಯರುಗಳು, ತಮಗೆ ಗೊತ್ತಿಲ್ಲದ ಒಂದು ಹೊಸ ಉಪಕರಣವನ್ನು ಕಲಿತು ಕೆಲಸ ಮಾಡಬೇಕಾಗಿತ್ತು. ಅರ್ಧ ಜನಕ್ಕೆ ಯಂತ್ರದ ನೆರವು, ಅರ್ಧ ಜನಕ್ಕೆ ಇಲ್ಲ. ಆಮೇಲೆ ಪರೀಕ್ಷೆ ಕೊಟ್ಟರು. ಕೈಯಿಂದ ಬರೆದವರಿಗೆ ಸರಾಸರಿ ಶೇಕಡಾ 67 ಅಂಕ, ಯಂತ್ರದವರಿಗೆ 50. ಉಳಿದ ಕಾಲವೋ, ಹೇಳಿಕೊಳ್ಳುವಷ್ಟೇನೂ ಇಲ್ಲ. ಹೆಚ್ಚಿನ ಕೊರತೆ ಕಂಡದ್ದು, ಕೆಟ್ಟ ಕೋಡಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಪ್ರಶ್ನೆಗಳಲ್ಲಿ. ಯಂತ್ರ ಬರೆದದ್ದನ್ನು ತಿದ್ದಲು ಬೇಕಾದ ವಿದ್ಯೆ ಅದೇ ತಾನೆ? ಯಂತ್ರ ಇಟ್ಟುಕೊಂಡೂ ಚೆನ್ನಾಗಿ ಕಲಿತವರು ಅವರಲ್ಲಿ ಇಲ್ಲದಿರಲಿಲ್ಲ. ಅವರು 'ಬರೆದುಕೊಡು' ಎನ್ನದೆ 'ಇದು ಏಕೆ ಹೀಗೆ' ಎಂದು ಕೇಳುತ್ತ ಹೋದವರು.

ಹತ್ತನೆಯ ತರಗತಿಗೆ ಪಾಠ ಹೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಗೈಡು ನೋಡಿ ಲೆಕ್ಕ ಬರೆದುಕೊಂಡು ಬಂದ ಹುಡುಗನ ಪುಸ್ತಕ ತರಗತಿಯಲ್ಲೆಲ್ಲ ಚೆಂದ. ಕರಿಹಲಗೆಯ ಮುಂದೆ ನಿಲ್ಲಿಸಿ ಅಂಕಿ ಬದಲಿಸಿದರೆ ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಾನೆ. ಅದೇ ಗೈಡನ್ನು, ತಾನು ಮಾಡಿದ ಲೆಕ್ಕ ಸರಿಯೇ ಎಂದು ತಾಳೆ ನೋಡಲು ಬಳಸಿದವನು ಮುಂದೆ ಹೋಗುತ್ತಾನೆ. ಪಟ್ಟಣದ ದೊಡ್ಡ ಕಾಲೇಜಿನ ಮಕ್ಕಳಿಗೆ ಈ ವ್ಯತ್ಯಾಸವನ್ನು ಹೇಳಿಕೊಡಲು ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ಇರುತ್ತಾನೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಯಾರಿದ್ದಾರೆ? 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಡೆಯ ಸ್ಥಾನ ಪಡೆದ ಜಿಲ್ಲೆ ನಮ್ಮದು. ಮೊದಲೇ ಬುನಾದಿ ಸಡಿಲವಾದ ಗೋಡೆಗೆ ಮೇಲಿಂದ ಚೆಂದದ ಸುಣ್ಣ ಬಳಿದಂತೆ ಈ ಯಂತ್ರ ನಮ್ಮ ಕಾಲೇಜುಗಳಿಗೆ ಬಂದರೆ, ಹುಡುಗ ಪಾಸಾಗುತ್ತಾನೆ, ಸಂದರ್ಶನದಲ್ಲಿ ಬೀಳುತ್ತಾನೆ.

ಸಂದರ್ಶನದವರೆಗೆ ಹೋಗುವ ಅವಕಾಶವಾದರೂ ಉಳಿದೀತೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2025ರ ಆಗಸ್ಟಿನಲ್ಲಿ ಸಂಬಳದ ದಾಖಲೆಗಳನ್ನು ಪರಿಶೀಲಿಸಿ, ಅಲ್ಲಿ 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ನೌಕರರ ಸಂಖ್ಯೆ 2022ರ ಕೊನೆಯ ಮಟ್ಟದಿಂದ ಸುಮಾರು ಶೇಕಡಾ 20 ಇಳಿದಿದೆ ಎಂದರು; ಹಿರಿಯರ ಕೆಲಸ ಇಳಿದಿರಲಿಲ್ಲ. ಚಿಕ್ಕಪುಟ್ಟ ಕೋಡು ಬರೆಯುತ್ತ ಕಸುಬು ಕಲಿಯುವ ಮೊದಲ ಮೆಟ್ಟಿಲನ್ನೇ ಯಂತ್ರ ಆಕ್ರಮಿಸಿದಂತಿದೆ. ನಮ್ಮ ದೇಶದ ಕಂಪನಿಗಳ ವ್ಯವಹಾರವೆಲ್ಲ ನಿಂತಿರುವುದು ಆ ಮೊದಲ ಮೆಟ್ಟಿಲಿನ ಮೇಲೆ. ವರ್ಷಕ್ಕೆ ಮೂರು ಮೂರೂವರೆ ಲಕ್ಷದ ಪಗಾರಕ್ಕೆ ಸಾವಿರಾರು ಹೊಸಬರನ್ನು ಹಿಡಿದು ತರಬೇತಿ ಕೊಡುವುದು ಅವರ ಪದ್ಧತಿ. ಹತ್ತು ವರ್ಷಗಳ ಹಿಂದೆಯೂ ಹೆಚ್ಚು ಕಡಿಮೆ ಅಷ್ಟೇ ಪಗಾರವಿತ್ತು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ತರಬೇತಿದಾರರನ್ನು, ಒಳಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂದು ಮನೆಗೆ ಕಳುಹಿಸಿತು. ಅದೇ ವರ್ಷ ಜುಲೈಯಲ್ಲಿ ಆರು ಲಕ್ಷಕ್ಕೂ ಮಿಗಿಲಾದ ನೌಕರರಿದ್ದ ಟಿಸಿಎಸ್, ಶೇಕಡಾ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿ ಕಾರಣವಲ್ಲ, ನೌಕರರ ಕೌಶಲ ಹೊಂದುತ್ತಿಲ್ಲ ಎಂದು ಕಂಪನಿಯ ಮುಖ್ಯಸ್ಥರು ಹೇಳಿದರು. ಇರಬಹುದು. ಯಂತ್ರದ ಹೆಸರು ಹೇಳಿ ಷೇರುದಾರರನ್ನು ಹುರಿದುಂಬಿಸುವವರೂ, ಯಂತ್ರ ಕಾರಣವಲ್ಲವೆಂದು ನೌಕರರಿಗೆ ಹೇಳುವವರೂ ಒಂದೇ ಬೀದಿಯ ಜನ ಎಂಬುದನ್ನು ಮಾತ್ರ ನೆನಪಿಡಬೇಕು.

ಇದೆಲ್ಲ ಹೊಸ ಜಗಳವೇನೂ ಅಲ್ಲ. 1957ರ ಜುಲೈಯಲ್ಲಿ ದಿಲ್ಲಿಯಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲಿಕರು, ಕಾರ್ಮಿಕರು ಮೂವರೂ ಕುಳಿತು, ಯಂತ್ರ ಸುಧಾರಣೆ ಬರುವುದಾದರೆ ಇದ್ದ ಕೆಲಸಗಾರನನ್ನು ತೆಗೆಯಕೂಡದು, ಅವನ ಗಳಿಕೆ ಇಳಿಯಕೂಡದು, ಬಂದ ಲಾಭ ಸಮಾಜ, ಮಾಲಿಕ, ಕೆಲಸಗಾರ ಮೂವರಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು, ಕೆಲಸದ ಹೊರೆಯನ್ನು ಎರಡು ಪಕ್ಷದವರೂ ಒಪ್ಪಿದ ತಜ್ಞರು ಅಳೆಯಬೇಕು ಎಂದು ಒಪ್ಪಿದ್ದರು. ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿರಿ. ಮಾಲಿಕನ ಅಂದಾಜೂ ಬೇಡ, ಕೆಲಸಗಾರನ ಅನಿಸಿಕೆಯೂ ಬೇಡ, ಗಡಿಯಾರ ಹಿಡಿದು ಅಳೆಯಿರಿ ಎಂದು ಆಗಲೇ ಹೇಳಿದ್ದರು. ಮೆಟರ್ ಸಂಸ್ಥೆ ತೋರಿಸಿಕೊಟ್ಟದ್ದು ಅದರ ಅಗತ್ಯವನ್ನೇ. 1960ರ ದಶಕದಲ್ಲಿ ಕಲ್ಕತ್ತೆಯ ಜೀವವಿಮಾ ನೌಕರರು ಕಂಪ್ಯೂಟರನ್ನು ಒಳಗೆ ಬಿಡೆವೆಂದು ಕಟ್ಟಡಕ್ಕೆ ಕಾವಲು ಕುಳಿತರು. 1983ರಲ್ಲಿ ಬ್ಯಾಂಕ್ ನೌಕರರ ಸಂಘಗಳು ಬೇರೆ ದಾರಿ ಹಿಡಿದು, ಯಂತ್ರ ಬರುವುದನ್ನು ಲಿಖಿತ ಒಪ್ಪಂದಕ್ಕೆ ಒಳಪಡಿಸಿದವು. ಕಲ್ಕತ್ತೆಯವರ ಕೆಚ್ಚಿಗೆ ನಮ್ಮ ಗೌರವ ಇದ್ದೇ ಇದೆ. ಅನುಸರಿಸತಕ್ಕದ್ದು ಬ್ಯಾಂಕಿನವರ ದಾರಿಯೆಂದು ನಮ್ಮ ಅಭಿಪ್ರಾಯ.

ಒಪ್ಪಂದಕ್ಕೆ ಆಧಾರವಾಗುವ ಕಾನೂನು ಇಲ್ಲದಿಲ್ಲ. ಕೆಲಸಗಾರರನ್ನು ತೆಗೆಯುವ ಸಂಭವವಿರುವ ಯಂತ್ರ ಸುಧಾರಣೆಗೆ ಮುಂಚೆ 21 ದಿನಗಳ ನೋಟೀಸು ಕೊಡಬೇಕೆಂದು ಹಳೆಯ ಕೈಗಾರಿಕಾ ವಿವಾದ ಕಾಯಿದೆಯಲ್ಲಿತ್ತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಆದರೆ ನೌಕರರನ್ನು ತೆಗೆಯಲು ಸರಕಾರದ ಪೂರ್ವಾನುಮತಿ ಬೇಕೆಂಬ ರಕ್ಷಣೆ ಕಾರಖಾನೆ, ಗಣಿ, ತೋಟಗಳಿಗೆ ಮಾತ್ರ. ಸಾಫ್ಟ್‌ವೇರ್ ಕಚೇರಿಗೆ ಇಲ್ಲ. ಅಲ್ಲದೆ ತೆಗೆದುಹಾಕಿದರೆಂಬ ಮಾತೇ ಬಾರದಂತೆ ರಾಜೀನಾಮೆ ಬರೆಸಿಕೊಳ್ಳುವ ಜಾಣತನ ಆ ಉದ್ಯಮದಲ್ಲಿ ಬಲ್ಲವರೆಲ್ಲರಿಗೂ ಗೊತ್ತು. ನಮ್ಮ ರಾಜ್ಯ ಸರಕಾರವಂತೂ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಈ ಉದ್ಯಮಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು 2024ರ ಮಾರ್ಚಿನಲ್ಲಿ ಮತ್ತೆ ಐದು ವರ್ಷ ಮುಂದುವರಿಸಿತು. ಅದೇ ವರ್ಷ ದಿನಕ್ಕೆ 14 ಗಂಟೆ ದುಡಿಸಲು ದಾರಿ ಮಾಡುವ ಪ್ರಸ್ತಾಪ ಬಂತು. ಕೆಐಟಿಯು ಎಂದು ಕರೆಸಿಕೊಳ್ಳುವ ರಾಜ್ಯದ ಐಟಿ ನೌಕರರ ಸಂಘ ಅದನ್ನು ಬೀದಿಗೆ ತಂದಿತು. 2025ರ ಜೂನಿನಲ್ಲಿ ದಿನಕ್ಕೆ 10 ಗಂಟೆ, ಹೆಚ್ಚುವರಿ ಸೇರಿ 12 ಗಂಟೆ ಎಂಬ ಇನ್ನೊಂದು ಪ್ರಸ್ತಾಪ ಬಂತು.

ಇಲ್ಲಿಯೇ ಮಾಲಿಕರ ವಾದ ತನ್ನ ಕಾಲಿಗೆ ತಾನೇ ತೊಡರುತ್ತದೆ. ಯಂತ್ರ ಅರ್ಧ ಕೆಲಸವನ್ನು ಮಾಡಿ ಮುಗಿಸುತ್ತಿದೆ ಎಂಬುದು ನಿಜವಾದರೆ, ಎಂಟು ಗಂಟೆಯ ಕೆಲಸಗಾರ ಆರು ಗಂಟೆಗೆ ಮನೆಗೆ ಹೋಗಬೇಕಾಗಿತ್ತು. ಅವನನ್ನು ಹನ್ನೆರಡು ಗಂಟೆ ಕೂರಿಸುವ ಕಾನೂನು ಏಕೆ ಬೇಕು? ಹನ್ನೆರಡು ಗಂಟೆ ಬೇಕೇಬೇಕೆಂದಾದರೆ, ಯಂತ್ರ ಉಳಿಸಿದ ಕಾಲ ಎಲ್ಲಿ ಹೋಯಿತು? ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ತರುಣರಿಗೆ ಉಪದೇಶಿಸಿದ ನಾರಾಯಣ ಮೂರ್ತಿಯವರೇ ಈ ಲೆಕ್ಕವನ್ನು ಬಿಡಿಸಿ ಹೇಳಿದರೆ ಉಪಕಾರವಾದೀತು.

ಯಂತ್ರವನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಬೇಸರದ ಕೆಲಸವನ್ನು, ಒಂದೇ ಬಗೆಯ ಸಾಲನ್ನು ನೂರು ಸಲ ಬರೆಯುವ ಚಾಕರಿಯನ್ನು ಅದು ತಪ್ಪಿಸುತ್ತದೆ. ಇಂಗ್ಲಿಷ್ ತಡವರಿಸುವ ನಮ್ಮ ಹುಡುಗಿಗೆ, ಹತ್ತು ಸಲ ಕೇಳಿದರೂ ನಗದೆ ಉತ್ತರ ಹೇಳುವ ಗುರುವಾಗಿಯೂ ಒದಗೀತು. ಇದು ಸಣ್ಣ ನೆರವಲ್ಲ. ಆದರೆ ಯಂತ್ರ ತಂದ ಕಂಪನಿ, ಅದರಿಂದ ಉಳಿದ ಕಾಲವನ್ನು ಸಂಘದ ಎದುರು ಅಳೆದು ತೋರಿಸಬೇಕು. ಅಳತೆಯಿಲ್ಲದೆ ಅದರ ಹೆಸರಿನಲ್ಲಿ ಒಬ್ಬನನ್ನೂ ತೆಗೆಯಕೂಡದು. ಯಂತ್ರ ಬರೆದದ್ದನ್ನು ಓದಿ ತಿದ್ದುವ ಗಂಟೆಗಳು ದುಡಿಮೆಯ ಗಂಟೆಗಳೆಂದೇ ಲೆಕ್ಕವಾಗಬೇಕು. ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಕಂಪನಿಗೆ ಸರಕಾರದ ಅಗ್ಗದ ಜಮೀನು, ರಿಯಾಯಿತಿಗಳು ಏಕೆ ಎಂದು ವಿಧಾನಸಭೆಯಲ್ಲಿ ನಮ್ಮ ನಾಲ್ಕೂ ಕ್ಷೇತ್ರಗಳ ಶಾಸಕರು ಕೇಳಬೇಕು. ಅವರು ಇದುವರೆಗೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಕೇಳುವುದರಲ್ಲೇ ಸುಸ್ತಾಗಿದ್ದಾರೆ ಎಂಬುದು ನಮಗೆ ಗೊತ್ತು. ಇದೂ ಒಂದು ಕಾಲುವೆ, ಇದರ ಕೊನೆಯ ಹೊಲದವರೂ ನಾವೇ.

ನಮ್ಮ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರಿಗೂ ಒಂದು ಮಾತು. ಮೊದಲ ಎರಡು ವರ್ಷ ಪ್ರಯೋಗಶಾಲೆಯಲ್ಲಿ ಯಂತ್ರವನ್ನು ಹೊರಗಿಟ್ಟು ಕೈಯಿಂದಲೇ ಬರೆಸಿರಿ, ಆಮೇಲೆ ಯಂತ್ರವನ್ನು ಒಳಗೆ ತಂದು ಅದರ ತಪ್ಪುಗಳನ್ನು ಹುಡುಕಿಸಿರಿ. ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಪುಣೆಯಲ್ಲಿ ಈ ಕಸುಬಿನಲ್ಲಿರುವ ನಮ್ಮ ಆರು ತಾಲ್ಲೂಕಿನ ತರುಣ ತರುಣಿಯರು ಒಂದು ತಿಂಗಳು ಒಂದು ಸಣ್ಣ ಲೆಕ್ಕ ಇಡಲಿ: ಯಾವ ಕೆಲಸ, ಯಂತ್ರ ಇತ್ತೇ ಇಲ್ಲವೇ, ಬರೆಯಲು ಎಷ್ಟು ಹೊತ್ತು, ತಿದ್ದಲು ಎಷ್ಟು ಹೊತ್ತು, ಮನೆಗೆ ಹೊರಟದ್ದು ಎಷ್ಟು ಗಂಟೆಗೆ. ಅದನ್ನು ನಮಗೆ ಬರೆದು ಕಳುಹಿಸಿದರೆ ಹೆಸರನ್ನೂ ಕಂಪನಿಯನ್ನೂ ತೆಗೆದು ಈ ಪುಟದಲ್ಲಿಯೇ ಪ್ರಕಟಿಸುತ್ತೇವೆ.